ಸಕ್ಕರೆಯ ಬಾವುಟ

ಬಾವುಟವನ್ನು ಏರಿಸುವವರನ್ನು ನೀವೆಲ್ಲ ಕಂಡಿದ್ದೀರಿ. ಹೊಲಿಯುವವರನ್ನು ಕೆಲವರಾದರೂ ಕಂಡಿರಬಹುದು. ಬಾವುಟವನ್ನು ಲಟ್ಟಿಸುವವರನ್ನು ಕಂಡಿದ್ದೀರೋ ಇಲ್ಲವೋ ನಾನರಿಯೆ. ನನಗೆ ಮಾತ್ರ ಆ ಭಾಗ್ಯ ವರ್ಷಕ್ಕೆ ಮೂರು ಸಲ ತಪ್ಪದೆ ಒದಗುತ್ತದೆ. ಜನವರಿ ೨೬, ಆಗಸ್ಟ್ ೧೫, ಸೆಪ್ಟೆಂಬರ್ ೧೭ – ಈ ಮೂರು ದಿನಗಳಿಗೆ ಒಂದು ವಾರ ಮುಂಚೆ ಅಫಜಲಪುರದ ನನ್ನ ತಂಗಿಯ ಮನೆಗೆ ಬನ್ನಿ. ಅಡುಗೆಮನೆಯ ಮಣೆಯ ಮೇಲೆ ಕೇಸರಿ, ಬಿಳಿ, ಹಸಿರು ಬಣ್ಣದ ತೆಳುವಾದ ಹಾಳೆಗಳು ಸಾಲಾಗಿ ಮಲಗಿರುತ್ತವೆ. ಬಣ್ಣದ ಹಪ್ಪಳವೆಂದು ಬಗೆದು, "ಎಣ್ಣಿ ಕಾಯಸ್ಲೇನವಾ?" ಎಂದು ಕೇಳಿದ ನೆರೆಮನೆಯ ತಾಯಿಯೊಬ್ಬರ ಕಥೆ ನಮ್ಮಲ್ಲಿ ಇಂದಿಗೂ ಚಾಲ್ತಿಯಲ್ಲಿದೆ.

ಮೂರನೆಯ ತಾರೀಖು ಯಾವುದಪ್ಪಾ ಎಂದು ಬೆಂಗಳೂರು ಮೈಸೂರುಗಳ ಓದುಗರು ಹುಬ್ಬೇರಿಸಬಹುದು. ಅದನ್ನು ಮುಂದೆ ಹೇಳುತ್ತೇನೆ. ಅದಕ್ಕೆ ಮೊದಲು ನನ್ನ ಭೂಗೋಳವನ್ನು ಒಂದು ಮಾತಿನಲ್ಲಿ ಮುಗಿಸಬೇಕು. ನಾನು ಹುಟ್ಟಿದ್ದು ಆಳಂದದಲ್ಲಿ. ತಂಗಿಯನ್ನು ಕೊಟ್ಟದ್ದು ಅಫಜಲಪುರಕ್ಕೆ. ನನ್ನ ಅನ್ನ ಇರುವುದು ಜೇವರ್ಗಿಯ ಕಾಲೇಜಿನಲ್ಲಿ. ವಾರದ ದಿನಗಳಲ್ಲಿ ಪಂಪ ರನ್ನರನ್ನು ವಿದ್ಯಾರ್ಥಿಗಳಿಗೆ ಒಪ್ಪಿಸಿ, ಶನಿವಾರ ಮಧ್ಯಾಹ್ನ ಬಸ್ಸು ಹತ್ತಿದರೆ, ಒಂದು ವಾರ ಮುದುಕಿ ತಾಯಿ, ಇನ್ನೊಂದು ವಾರ ತಂಗಿ. ಹೀಗೆ ಮೂರು ತಾಲ್ಲೂಕುಗಳ ಧೂಳನ್ನೂ ಸಮನಾಗಿ ಕುಡಿದ ಮನುಷ್ಯ ನಾನು.

ತಂಗಿ ಕೇಕಿನ ಉದ್ಯೋಗಕ್ಕೆ ಇಳಿದದ್ದು ಹವ್ಯಾಸಕ್ಕಾಗಿ ಅಲ್ಲ. ಅವಳ ಗಂಡನದು ತೊಗರಿಯ ಹೊಲ. ಒಂದು ವರ್ಷ ಮಳೆ ಕೈಕೊಟ್ಟಿತು. ಮರುವರ್ಷ ಮಳೆಯೇನೋ ಬಂತು, ಆದರೆ ಕಾಯಿ ಕಟ್ಟುವ ಹೊತ್ತಿಗೆ ನೆಟೆ ರೋಗ ಬಂದು ನಿಂತ ಬೆಳೆ ನಿಂತಂತೆಯೇ ಒಣಗಿತು. ಆಗ ಅವಳು ಕಲಬುರಗಿಗೆ ಹೋಗಿ ಹದಿನೈದು ದಿನ ಯಾರದೋ ಬಳಿ ಕೇಕು ಮಾಡುವುದನ್ನು ಕಲಿತು ಬಂದಳು. "ನಮ್ಮೂರಾಗ ಕೇಕ್ ಯಾರ್ ತಿಂತಾರ?" ಎಂದು ಮನೆಯಲ್ಲಿ ನಕ್ಕವರೇ ಹೆಚ್ಚು. ಅವರ ಲೆಕ್ಕ ತಪ್ಪಿತು. ಭೀಮೆಯ ದಂಡೆಯ ಹಳ್ಳಿಗಳಲ್ಲಿ ಕೂಡ ಈಗ ಮಗುವಿನ ಹುಟ್ಟುಹಬ್ಬ ಕೇಕಿಲ್ಲದೆ ನಡೆಯುವುದಿಲ್ಲ. ತತ್ತಿ ಹಾಕದ ಕೇಕು ಎಂದು ಬಾಗಿಲಿಗೆ ಬರೆದು ಅಂಟಿಸಿದ ಮೇಲಂತೂ ಮಠದ ಬೀದಿಯವರೂ ಸಂಕೋಚವಿಲ್ಲದೆ ಬರತೊಡಗಿದರು. ಕೇಕಿನ ಮೇಲೆ ಮೊದಲು ಗುಲಾಬಿ ಬಂತು, ಆಮೇಲೆ ಟ್ರ್ಯಾಕ್ಟರು ಬಂತು, ಕೊನೆಗೆ ಬಾವುಟ ಬಂತು.

ಈ ಬಾವುಟವನ್ನು ಮಾಡುವ ವಸ್ತುವಿಗೆ ಫಾಂಡಂಟ್ ಎಂದು ಹೆಸರು. ಕರಗುವುದು ಎಂಬ ಅರ್ಥದ ಫ್ರೆಂಚ್ ಮಾತಿನಿಂದ ಬಂದದ್ದಂತೆ. ಕರಗದಂತೆ ನೋಡಿಕೊಳ್ಳುವುದೇ ಇದರ ಕೆಲಸದಲ್ಲಿ ಮುಕ್ಕಾಲು ಪಾಲಾದ್ದರಿಂದ, ಹೆಸರಿಟ್ಟವನಿಗೆ ವಿನೋದಪ್ರಜ್ಞೆ ಇದ್ದಿರಬೇಕು. ಕನ್ನಡ ಮೇಷ್ಟರ ಚಾಳಿಗೆ ಅನುಸಾರವಾಗಿ ನಾನು ಇದಕ್ಕೊಂದು ಕನ್ನಡ ಹೆಸರು ಕೊಡಹೋದೆ. 'ಶರ್ಕರಾಪಿಷ್ಟ' ಎಂದೆ. ತಂಗಿ ನನ್ನನ್ನು ಕನಿಕರದಿಂದ ನೋಡಿ, "ಸಕ್ರಿ ಕಣಕ ಅನ್ನು ಅಣ್ಣಾ, ಸಾಕು" ಎಂದಳು. ಹೋಳಿಗೆಗೆ ಕಣಕ ನಾದುವವಳಿಗೆ ಹೊಳೆದ ಮಾತು ಎಂ.ಎ. ಮಾಡಿದವನಿಗೆ ಹೊಳೆಯಲಿಲ್ಲ. ಅಂದಿನಿಂದ ನಮ್ಮ ಮನೆಯಲ್ಲಿ ಅದು ಸಕ್ಕರೆ ಕಣಕವೇ.

ಕಣಕದ ರೀತಿಯೂ ಹಾಗೆಯೇ ಇದೆ. ಜರಡಿ ಹಿಡಿದ ಪುಡಿಸಕ್ಕರೆಯ ನಡುವೆ ಗುಳಿ ಮಾಡಿ, ಅದರಲ್ಲಿ ಬಿಸಿ ಮಾಡಿದ ಅಂಟು, ಗ್ಲುಕೋಸಿನ ದಪ್ಪ ಪಾಕ, ಕೊಂಚ ಗ್ಲಿಸರಿನ್ ಹಾಕಿ ನಾದಬೇಕು. ಅಂಗಡಿಯ ಫಾಂಡಂಟಿನ ಅಂಟು ಅನೇಕ ಸಲ ಜೆಲಟಿನ್. ಅದು ಪ್ರಾಣಿಗಳ ಚರ್ಮ ಮೂಳೆಗಳಿಂದ ತೆಗೆದದ್ದು. ತಂಗಿಯ ಗಿರಾಕಿಗಳಿಗೆ ಅದು ನಡೆಯದು. ಆದ್ದರಿಂದ ಕಡಲ ಪಾಚಿಯಿಂದ ಮಾಡುವ ಚೈನಾ ಗ್ರಾಸನ್ನು ನೀರಿನಲ್ಲಿ ಕುದಿಸಿ ಹಾಕುತ್ತಾಳೆ. ಇಷ್ಟಾದರೆ ಕೇಕಿಗೆ ಹೊದಿಸುವ ಮೆತ್ತನೆಯ ಕಣಕವಾಯಿತು. ಆದರೆ ಬಾವುಟ ಮೆತ್ತಗಿದ್ದರೆ ನಿಲ್ಲುವುದಿಲ್ಲವಷ್ಟೆ. ಅದಕ್ಕೆ ಕಾಲು ಕಿಲೋ ಕಣಕಕ್ಕೆ ಒಂದು ಚಿಕ್ಕ ಚಮಚದಂತೆ ಸಿ.ಎಂ.ಸಿ. ಎಂಬ ಬಿಳಿಯ ಪುಡಿಯನ್ನು ಸೇರಿಸಿ ನಾದಿ, ಗಾಳಿಯಾಡದಂತೆ ಕಟ್ಟಿ ಒಂದು ರಾತ್ರಿ ಬಿಡಬೇಕು. ಆ ಪುಡಿ ಒಣಗಿದಾಗ ಕಣಕವನ್ನು ಹಲಗೆಯಂತೆ ಬಿಗಿ ಮಾಡುತ್ತದೆ. ಅದನ್ನು ಮರದ ಇಲ್ಲವೆ ಹತ್ತಿಯ ನಾರಿನಿಂದ ತಯಾರಿಸುತ್ತಾರೆಂದು ತಿಳಿದಾಗ ನನಗೆ ಏನೋ ಸಮಾಧಾನವಾಯಿತು. ಬಾವುಟ ಅಂದ ಮೇಲೆ ಎಲ್ಲೋ ಒಂದು ಎಳೆ ಹತ್ತಿ ಇರಲಿ!

ಸಕ್ಕರೆಗೇನೂ ನಮ್ಮ ಕಡೆ ಬರವಿಲ್ಲ. ಆಳಂದ ತಾಲ್ಲೂಕಿನ ಭೂಸನೂರಿನಲ್ಲಿ ಒಂದು, ಅಫಜಲಪುರ ತಾಲ್ಲೂಕಿನ ಹವಳಗಾದಲ್ಲಿ ಒಂದು ಸಕ್ಕರೆ ಕಾರ್ಖಾನೆಗಳಿವೆ. ಹಂಗಾಮಿನಲ್ಲಿ ಕಬ್ಬಿನ ಗಾಡಿಗಳ ಹಿಂದೆ ಸಿಕ್ಕಿಬಿದ್ದ ಬಸ್ಸಿನಲ್ಲಿ ಕುಳಿತು ನಾನು ಎಷ್ಟೋ ಉತ್ತರಪತ್ರಿಕೆಗಳನ್ನು ತಿದ್ದಿ ಮುಗಿಸಿದ್ದೇನೆ.

ಮೊದಲು ಬಿಳಿಯದನ್ನು ನಾದಿ ಲಟ್ಟಿಸಬೇಕು. ಆಮೇಲೆ ಕೇಸರಿ, ಅದರ ನಂತರ ಹಸಿರು. ಈ ಕ್ರಮ ತಪ್ಪಿದರೆ ಕೈಗೆ ಹತ್ತಿದ ಬಣ್ಣ ಬಿಳಿಗೆ ಹತ್ತಿ ಎಲ್ಲ ಕೆಟ್ಟಿತು. ಕೇಸರಿ ಎಂಬುದು ಕಾಣುವಷ್ಟು ಸುಲಭದ ಬಣ್ಣವಲ್ಲ. ಹಳದಿಗೆ ಕೆಂಪು ಒಂದು ಹನಿ ಕಡಿಮೆಯಾದರೆ ಜಿಲೇಬಿ, ಒಂದು ಹನಿ ಹೆಚ್ಚಾದರೆ ಇಟ್ಟಂಗಿ. ನೀರಿನಂಥ ಬಣ್ಣ ಹಾಕಿದರೆ ಕಣಕ ಸಡಿಲವಾಗುತ್ತದೆ. ಲೇಹ್ಯದಂಥ ಗಟ್ಟಿ ಬಣ್ಣವನ್ನು ಕಡ್ಡಿಯ ತುದಿಯಲ್ಲಿ ತೆಗೆದು ಚುಚ್ಚಬೇಕು. ಮೆಕ್ಕೆಜೋಳದ ಹಿಟ್ಟು ಉದುರಿಸಿದ ಮಣೆಯ ಮೇಲೆ ಎರಡು ಮಿಲಿಮೀಟರ್ ದಪ್ಪಕ್ಕೆ ಲಟ್ಟಿಸಿ, ಅಳತೆಪಟ್ಟಿ ಇಟ್ಟು ಮೂರೂ ಬಣ್ಣಗಳ ಸಮ ಅಗಲದ ಪಟ್ಟಿಗಳನ್ನು ಕೊಯ್ದು, ಅಂಚಿಗೆ ಅಂಚು ಕೂಡಿಸಿ, ಮೇಲೆ ಒಂದೇ ಒಂದು ಸಲ ಹಗುರವಾಗಿ ಲಟ್ಟಣಿಗೆ ಆಡಿಸಿದರೆ ಮೂರೂ ಒಂದಾಗುತ್ತವೆ. ಎರಡನೆಯ ಸಲ ಆಡಿಸಿದಿರೋ, ಅಳತೆ ಹೋಯಿತು.

ಅಳತೆಯ ವಿಷಯದಲ್ಲಿ ನನಗೊಂದು ಅಧಿಕಾರವನ್ನು ತಂಗಿ ಕೊಟ್ಟಿದ್ದಾಳೆ. ರಾಷ್ಟ್ರಧ್ವಜದ ಉದ್ದ ಅಗಲಗಳು ಮೂರಕ್ಕೆ ಎರಡರ ಪ್ರಮಾಣದಲ್ಲಿರಬೇಕು. ಹುಬ್ಬಳ್ಳಿಯ ಬೆಂಗೇರಿಯಲ್ಲಿ ೧೯೫೭ರಲ್ಲಿ ಸ್ಥಾಪಿತವಾದ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದವರು ಖಾದಿಯ ಧ್ವಜಗಳನ್ನು ಮಾಡುತ್ತಾರಲ್ಲ, ಆ ಧ್ವಜಗಳಿಗೆ ಗೊತ್ತುಪಡಿಸಿದ ಒಂಬತ್ತು ಅಳತೆಗಳಿವೆ. ಅತಿ ಚಿಕ್ಕದು ೧೫೦ ಮಿಲಿಮೀಟರ್ ಉದ್ದ, ೧೦೦ ಮಿಲಿಮೀಟರ್ ಅಗಲ. ಅದರ ಚಕ್ರದ ವ್ಯಾಸ ೨೫ ಮಿಲಿಮೀಟರ್. ನಮ್ಮ ಸಕ್ಕರೆ ಬಾವುಟ ಇನ್ನೂ ಚಿಕ್ಕದು, ಆರು ಸೆಂಟಿಮೀಟರಿಗೆ ನಾಲ್ಕು. ಆ ಲೆಕ್ಕದಲ್ಲಿ ಚಕ್ರಕ್ಕೆ ಸಿಗುವ ಜಾಗ ಒಂದೇ ಸೆಂಟಿಮೀಟರು, ಅದರೊಳಗೆ ಇಪ್ಪತ್ತನಾಲ್ಕು ಅರಗಳು! ತಿನ್ನುವ ಶಾಯಿಯ ಸಪೂರ ಪೆನ್ನು ಹಿಡಿದು ಈ ಚಕ್ರಗಳನ್ನು ಬರೆಯುವ ಕೆಲಸ ನನ್ನದು. ಮೊದಲು ಒಂದು ಕೂಡಿಸುವ ಗುರುತು, ಅದರ ಮೇಲೆ ಒಂದು ಗುಣಿಸುವ ಗುರುತು: ಎಂಟಾಯಿತು. ಆ ಎಂಟು ಸಂದಿಗಳಲ್ಲಿ ಎರಡೆರಡು ಗೀಟು: ಇಪ್ಪತ್ತನಾಲ್ಕು. "ಯಾರ್ ಎಣಿಸ್ತಾರ ಮಾವ, ಹದಿನಾರ್ ಹಾಕಿ ಬಿಡ್ರಿ" ಎಂದು ತಂಗಿಯ ಮಗ ಸಲಹೆ ಕೊಟ್ಟ. ಎಣಿಸುವವರು ಇದ್ದಾರೆ. ಹಿಂದಿನ ವರ್ಷ ಒಬ್ಬ ಎರಡನೆಯ ತರಗತಿಯ ಹುಡುಗಿ ಎಣಿಸಿ, ಇಪ್ಪತ್ತನಾಲ್ಕೂ ಇರುವುದನ್ನು ಖಾತ್ರಿ ಮಾಡಿಕೊಂಡ ಮೇಲೆಯೇ ಕಡ್ಡಿಯನ್ನು ಕೈಗೆ ತೆಗೆದುಕೊಂಡಳು.

ಹಾರುತ್ತಿರುವಂತೆ ಕಾಣಬೇಕಾದರೆ ಹಸಿಯಿರುವಾಗಲೇ ಅಲೆ ಕೊಡಬೇಕು. ಎರಡು ಪೆನ್ಸಿಲ್ಲುಗಳನ್ನು ಅಡ್ಡಲಾಗಿಟ್ಟು, ಮೇಲೆ ಬೆಣ್ಣೆಕಾಗದ ಹಾಸಿ, ಅದರ ಮೇಲೆ ಬಾವುಟವನ್ನು ಮಲಗಿಸಿದರೆ ಅಲೆ ತಾನೇ ಬರುತ್ತದೆ. ಕೇಸರಿ ಮೇಲೆ ಬರುವಂತೆ ನೋಡಿ, ಎಡಗಡೆಯ ಅಂಚಿಗೆ ನೀರಿನ ತೇವ ಮುಟ್ಟಿಸಿ ಬಿದಿರಿನ ಕಡ್ಡಿಗೆ ಸುತ್ತಬೇಕು. ಆಮೇಲೆ ಒಣಗಲು ಬಿಡುವುದು.

ಕಷ್ಟವಿರುವುದು ಈ ಬಿಡುವುದರಲ್ಲಿ. ನಮ್ಮ ಕಡೆಯ ಬೇಸಿಗೆಯಲ್ಲಾದರೆ ಬಾವುಟವೇನು, ಅದನ್ನು ಮಾಡುವವರೂ ಒಂದು ದಿನದಲ್ಲಿ ಒಣಗಿಹೋಗುತ್ತಾರೆ. ಆದರೆ ದೇಶಕ್ಕೆ ಸ್ವಾತಂತ್ರ್ಯ ಬಂದದ್ದು ಮಳೆಗಾಲದಲ್ಲಿ. ಸಕ್ಕರೆಗೆ ಗಾಳಿಯ ತೇವವನ್ನು ಎಳೆದುಕೊಳ್ಳುವ ಸ್ವಭಾವ. ಶೀತಕಪಾಟಿನಲ್ಲಿ ಇಟ್ಟು ಹೊರತೆಗೆದರಂತೂ ಮೈಯೆಲ್ಲ ಬೆವರಿ, ಕೇಸರಿ ಬಿಳಿಗೆ ಇಳಿಯುತ್ತದೆ. ಹಸಿ ಕ್ರೀಮಿನ ಕೇಕಿಗೆ ಮುಂಚೆಯೇ ಚುಚ್ಚಿಟ್ಟರೂ ಬುಡದಿಂದ ಕರಗುತ್ತದೆ; ಕೇಕನ್ನು ಮೇಜಿಗೆ ತಂದ ಮೇಲೆಯೇ ಬಾವುಟ ಏರಬೇಕು. ಒಂದು ಆಗಸ್ಟಿನಲ್ಲಿ ಒಂದು ಶಾಲೆಯವರು ಎಂಬತ್ತು ಪುಟ್ಟ ಕೇಕುಗಳಿಗೆ ಎಂಬತ್ತು ಬಾವುಟ ಹೇಳಿದ್ದರು. ನಾಲ್ಕು ದಿನ ಜಡಿಮಳೆ. ಫ್ಯಾನಿನ ಕೆಳಗೆ ಹರಡಿದೆವು, ಕರೆಂಟು ಹೋಯಿತು. ಕರೆಂಟು ಬಂದಾಗ ರಟ್ಟಿನ ಪೆಟ್ಟಿಗೆಯಲ್ಲಿ ಬಲ್ಬು ಉರಿಸಿ, ಮರಿಕೋಳಿಗಳನ್ನು ಕಾಯುವಂತೆ ಸರದಿಯ ಮೇಲೆ ಕಾಯ್ದೆವು. ಬೆಳಗಾಗುವಾಗ ಐವತ್ತೇಳು ಬಾವುಟಗಳು ನೆಟ್ಟಗೆ ನಿಂತಿದ್ದವು, ಇಪ್ಪತ್ತಮೂರು ಶೋಕಾಚರಣೆಯಲ್ಲಿದ್ದವು. ತಂಗಿ ಅವುಗಳ ಜಾಗದಲ್ಲಿ ಗುಲಾಬಿಗಳನ್ನಿಟ್ಟು ಕಳಿಸಿದಳು. ಶಾಲೆಯವರು ಕೊಟ್ಟದ್ದು ಅರ್ಧ ಹಣ. ಅದರಲ್ಲಿ ಪುಡಿಸಕ್ಕರೆಯ ಖರ್ಚು ಹುಟ್ಟಿತು, ನಿದ್ದೆಯ ಖರ್ಚು ಹುಟ್ಟಲಿಲ್ಲ. ಆ ತಿಂಗಳು ಮಗನ ಟ್ಯೂಷನ್ನಿನ ದುಡ್ಡನ್ನು ಅವಳು ಆ ಎಂಬತ್ತು ಬಾವುಟಗಳ ಮೇಲೆ ನೆಚ್ಚಿದ್ದಳೆಂಬುದು ನನಗೆ ಆಮೇಲೆ ತಿಳಿಯಿತು. ಅವಳೇನೂ ಅಳಲಿಲ್ಲ. ಆ ಇಪ್ಪತ್ತಮೂರನ್ನೂ ಓಣಿಯ ಹುಡುಗರನ್ನು ಕರೆದು ಹಂಚಿದಳು.

ಆಗಲೇ ಒಂದು ಚರ್ಚೆ ಎದ್ದದ್ದು. ಕಟ್ಟೆಯ ಮೇಲೆ ಕುಳಿತಿದ್ದ ನಿವೃತ್ತ ಅಧಿಕಾರಿಯೊಬ್ಬರು, "ಏನವಾ ಇದು, ಝಂಡಾ ತಿನ್ನೋದಂದ್ರ ಏನು? ದೇಶಕ್ಕ ಮರ್ಯಾದಿ ಬ್ಯಾಡೇನು?" ಎಂದು ಗದರಿದರು. ತಂಗಿ ಒಂದು ಕ್ಷಣ ಸುಮ್ಮನಿದ್ದು, "ಕಾಕಾ, ಗೌರಿ ಹುಣ್ಣಿವಿಗಿ ಸಕ್ರಿ ಈಶ್ವರನ್ನ ತಿಂತೀರೋ ಇಲ್ಲೋ?" ಎಂದಳು. ಕಾಕಾ ತಿನ್ನುತ್ತಾರೆ. ಯಾರು ತಿನ್ನುವುದಿಲ್ಲ? ದೀಪಾವಳಿಯ ನಂತರ ಬರುವ ಆ ಹುಣ್ಣಿಮೆಗೆ ಉತ್ತರ ಕರ್ನಾಟಕದ ಹೆಣ್ಣುಮಕ್ಕಳು ಸಕ್ಕರೆ ಗೊಂಬೆಗಳ ಆರತಿ ಹಿಡಿದು ಗೌರಮ್ಮನ ಬಳಿಗೆ ಹೋಗುವುದನ್ನು ನೋಡಿದವರೇ ಬಲ್ಲರು. ಸಕ್ಕರೆ ಪಾಕಕ್ಕೆ ಹಾಲು ಹಾಕಿ ಕೊಳೆ ತೆಗೆದು, ನಿಂಬೆಹುಳಿ ಹಿಂಡಿ, ನೀರಿನಲ್ಲಿ ನೆನೆಸಿದ ಕಟ್ಟಿಗೆಯ ಅಚ್ಚಿನಲ್ಲಿ ಹೊಯ್ದು ತೆಗೆದ ಶಿವಪಾರ್ವತಿ, ಬಸವಣ್ಣ, ಆನೆ, ತೇರು. ಆರತಿ ಮುಗಿದ ಮೇಲೆ ಆ ದೇವರುಗಳು ಹೋಗುವುದು ಮಕ್ಕಳ ಹೊಟ್ಟೆಗೇ. ಇದರಿಂದ ಶಿವನಿಗೆ ಅವಮಾನವಾಯಿತೆಂದು ಯಾರೂ ದೂರು ಕೊಟ್ಟದ್ದಿಲ್ಲ.

ಬಾವುಟದ ವಿಷಯದಲ್ಲಿ ದೂರು ಕೊಟ್ಟದ್ದುಂಟು. ೨೦೧೩ರ ಕ್ರಿಸ್‌ಮಸ್ ದಿನ ಕೊಯಮತ್ತೂರಿನಲ್ಲಿ ಆರು ಅಡಿಗೆ ಐದು ಅಡಿಯ ಒಂದು ಕೇಕನ್ನು ಮಾಡಿ, ಅದರ ಮೇಲೆ ಭಾರತದ ನಕ್ಷೆ, ತ್ರಿವರ್ಣ, ಚಕ್ರ ಎಲ್ಲವನ್ನೂ ಬರೆದು, ಕೊಯ್ದು, ಎರಡು ಸಾವಿರಕ್ಕೂ ಹೆಚ್ಚು ಜನ ತಿಂದರು. ರಾಷ್ಟ್ರಗೌರವಕ್ಕೆ ಅಪಮಾನವಾಗದಂತೆ ತಡೆಯುವ ೧೯೭೧ರ ಕಾನೂನಿನ ಕೆಳಗೆ ಒಬ್ಬರು ದೂರು ಕೊಟ್ಟರು. ೨೦೨೧ರ ಮಾರ್ಚ್‌ನಲ್ಲಿ ಮದರಾಸಿನ ಉಚ್ಚ ನ್ಯಾಯಾಲಯ ಆ ಮೊಕದ್ದಮೆಯನ್ನು ರದ್ದುಮಾಡಿತು. ಅಪಮಾನ ಮಾಡುವ ಉದ್ದೇಶ ಅಲ್ಲಿರಲಿಲ್ಲವೆಂಬುದು ನ್ಯಾಯಾಧೀಶರ ಅಭಿಪ್ರಾಯ. ಕಾಕಾ ಅವರಿಗೆ ಇದನ್ನೆಲ್ಲ ನಾನು ವಿವರಿಸಿ ಹೇಳಿದೆ. ಅವರು ನ್ಯಾಯಾಲಯಕ್ಕೂ ಪೂರ್ತಿ ಒಪ್ಪಲಿಲ್ಲ.

ನನ್ನ ಮಟ್ಟಿಗೆ ಹೇಳುವುದಾದರೆ, ಬಾವುಟದ ಮೇಲೆ ಚೂರಿ ಆಡಿಸುವುದು ನನಗೂ ಸರಿಬಾರದು. ಕಾನೂನು ಬಿಟ್ಟರೂ ಕೈ ಬಿಡದ ಕೆಲವು ಸಂಗತಿಗಳಿರುತ್ತವೆ. ತಂಗಿ ಕೇಕಿನ ಮೇಲೆ ಬಾವುಟವನ್ನು ಎಂದೂ ಬರೆಯುವುದಿಲ್ಲ. ಕಡ್ಡಿಗೆ ಕಟ್ಟಿ ನಿಲ್ಲಿಸುತ್ತಾಳೆ, ಚೂರಿಗೆ ಮುಂಚೆ ಅದನ್ನು ಎತ್ತಿ ಮಗುವಿನ ಕೈಗೆ ಕೊಡಿರೆಂದು ಹೇಳಿಯೇ ಕಳಿಸುತ್ತಾಳೆ. ಆಮೇಲೆ ಮಗು ತಿಂದರೆ ತಿನ್ನಲಿ. ಧ್ವಜಸಂಹಿತೆಯಲ್ಲಿ ಒಂದು ಮಾತಿದೆ: ಕಾಗದದ ಧ್ವಜಗಳನ್ನು ಸಮಾರಂಭದ ನಂತರ ನೆಲಕ್ಕೆ ಎಸೆಯಬಾರದು, ಏಕಾಂತದಲ್ಲಿ ಗೌರವದಿಂದ ವಿಲೇವಾರಿ ಮಾಡಬೇಕು. ಆಗಸ್ಟ್ ೧೬ರ ಬೆಳಿಗ್ಗೆ ಯಾವ ಊರಿನ ಬಸ್‌ಸ್ಟ್ಯಾಂಡಿಗೆ ಬೇಕಾದರೂ ಹೋಗಿ ನೋಡಿ. ಜೇವರ್ಗಿಯಲ್ಲಿ ಬಸ್ಸಿಳಿದು ಕಾಲೇಜಿಗೆ ನಡೆಯುವ ದಾರಿಯಲ್ಲಿ ಚರಂಡಿಯ ಬದಿಯಿಂದ ನಾನು ಹೆಕ್ಕಿ ಜೋಳಿಗೆಗೆ ಹಾಕಿಕೊಂಡ ಕಾಗದದ ಮತ್ತು ಪ್ಲಾಸ್ಟಿಕ್ಕಿನ ಬಾವುಟಗಳು ಒಂದು ವರ್ಷ ಮೂವತ್ತಾರು. ಸಕ್ಕರೆಯ ಬಾವುಟ ಒಂದೂ ಸಿಕ್ಕಲಿಲ್ಲ.

ಸಕ್ಕರೆಗೂ ಬಾವುಟಕ್ಕೂ ನಂಟು ನಮ್ಮ ಗಡಿಯಲ್ಲಿ ಇಂದಿನದಲ್ಲ. ಹಳಗನ್ನಡದಲ್ಲಿ ಗುಡಿ ಎಂದರೆ ಧ್ವಜ. ಗುಡಿಗಟ್ಟು ಎಂದರೆ ಬಾವುಟ ಏರಿಸು. ತರಗತಿಯಲ್ಲಿ ಇದನ್ನು ಹೇಳಿದಾಗ ಉಳಿದ ಕಡೆಯ ಹುಡುಗರು ದೇವಸ್ಥಾನವನ್ನು ನೆನೆದು ಕಣ್ಣರಳಿಸುತ್ತಾರೆ. ಆಳಂದದ ಗಡಿಹಳ್ಳಿಯ ಹುಡುಗರಿಗೆ ಟಿಪ್ಪಣಿ ಬೇಡ. ಯುಗಾದಿಯ ದಿನ ಮಹಾರಾಷ್ಟ್ರದ ಮಗ್ಗುಲಿನ ಮನೆಗಳಲ್ಲಿ ಗುಡಿ ಪಾಡ್ವದ ಗುಡಿ ಏರುವುದನ್ನು ಅವರು ಕಂಡಿದ್ದಾರೆ: ಬಿದಿರುಕೋಲು, ಅದರ ತುದಿಗೆ ಜರಿಯ ಬಟ್ಟೆ, ಬೇವಿನ ಸೊಪ್ಪು, ಬೋರಲು ಹಾಕಿದ ತಂಬಿಗೆ, ಜೊತೆಗೆ ಸಕ್ಕರೆಯ ಸರ. ಬಿಳಿ, ಗುಲಾಬಿ, ಹಳದಿಯ ಆ ಸರವನ್ನು ಮರಾಠಿಯವರು ಗಾಠಿ ಎನ್ನುತ್ತಾರೆ. ಸಂಜೆ ಗುಡಿ ಇಳಿಸಿದ ಮೇಲೆ ಸರಕ್ಕೆ ಕೈಹಾಕಲು ನಾವು ಮಧ್ಯಾಹ್ನದಿಂದಲೇ ನೆರೆಮನೆಯ ಅಂಗಳದಲ್ಲಿ ಸುಳಿದಾಡುತ್ತಿದ್ದೆವು. ಆಗ ಸಕ್ಕರೆ ಬಾವುಟಕ್ಕೆ ಜೋತುಬಿದ್ದಿತ್ತು. ಈಗ ಸಕ್ಕರೆಯೇ ಬಾವುಟವಾಗಿದೆ.

ಇನ್ನು ಸೆಪ್ಟೆಂಬರ್ ೧೭. ೧೯೪೭ರ ಆಗಸ್ಟ್ ೧೫ರಂದು ದೇಶವೆಲ್ಲ ಬಾವುಟ ಏರಿಸುತ್ತಿದ್ದಾಗ ನಮ್ಮ ಜಿಲ್ಲೆ ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಸಂಸ್ಥಾನ ಭಾರತಕ್ಕೆ ಸೇರಲಿಲ್ಲ. ತ್ರಿವರ್ಣವನ್ನು ಹಾರಿಸಿದವರಿಗೆ ಜೈಲು. ಸ್ವಾಮಿ ರಮಾನಂದ ತೀರ್ಥರ ಮುಂದಾಳುತನದಲ್ಲಿ ಜನ ಹೋರಾಡಿದರು. ಎಷ್ಟೋ ಮಂದಿ ಗಡಿ ದಾಟಿ ಸೊಲ್ಲಾಪುರದ ಕಡೆ ಹೋಗಿ ನಿಂತರು. ೧೯೪೮ರ ಸೆಪ್ಟೆಂಬರ್ ೧೩ರಂದು ಭಾರತದ ಸೈನ್ಯ ಒಳಬಂತು, ೧೭ರಂದು ನಿಜಾಮ ಮಣಿದ. ನಮಗೆ ಬಾವುಟ ಹದಿಮೂರು ತಿಂಗಳು ತಡವಾಗಿ ಬಂತು. ಹೈದರಾಬಾದ್ ಕರ್ನಾಟಕ ೨೦೧೯ರಲ್ಲಿ ಕಲ್ಯಾಣ ಕರ್ನಾಟಕವಾದ ಮೇಲೂ ಆ ದಿನ ನಮ್ಮಲ್ಲಿ ಧ್ವಜಾರೋಹಣ ನಡೆಯುತ್ತದೆ. ಉಳಿದ ಕರ್ನಾಟಕಕ್ಕೆ ಅದು ಕೆಲಸದ ದಿನ.

ತಂಗಿಯ ಮನೆಯ ಎದುರಿನ ಮುತ್ಯಾ ತೊಂಬತ್ತರ ಅಂಚಿನಲ್ಲಿದ್ದಾರೆ. ಆಗ ಅವರು ಹನ್ನೆರಡರ ಹುಡುಗ. ಅವರ ಅಣ್ಣ ಸೊಲ್ಲಾಪುರದಿಂದ ಅಂಗಿಯೊಳಗೆ ಕಟ್ಟಿಕೊಂಡು ಒಂದು ಝಂಡಾ ತಂದಿದ್ದನಂತೆ. ಅದನ್ನು ಜೋಳದ ಹಗೇವಿನಲ್ಲಿ, ಕಾಳಿನ ನಡುವೆ ಹುಗಿದಿಟ್ಟರು. ಮನೆಯವರೆಲ್ಲ ಒಂದು ವರ್ಷ ಆ ಹಗೇವಿನ ಬಾಯಿಯನ್ನು ನೋಡುತ್ತ, ನೋಡದವರಂತೆ ತಿರುಗಾಡಿದರು. ಪೊಲೀಸರು ಬಂದಾಗ ತಾಯಿ ಅದರ ಮೇಲೆ ಬೀಸುಕಲ್ಲು ಎಳೆದು ಹಾಕಿ ಬೀಸುತ್ತ ಕುಳಿತಳಂತೆ. ಸುದ್ದಿ ಬಂದ ದಿನ ಹೊರತೆಗೆದರೆ, ಹುಳ ತಿಂದು ಅಲ್ಲಲ್ಲಿ ತೂತು ಬಿದ್ದಿದ್ದವು. ಹಾಗೆಯೇ ಏರಿಸಿದರು.

ಹೋದ ಸೆಪ್ಟೆಂಬರಿನಲ್ಲಿ ಮುತ್ಯಾನ ಮೊಮ್ಮಕ್ಕಳು ಅವರಿಗೆಂದು ಒಂದು ಕಿಲೋ ಕೇಕು ಹೇಳಿದರು. ಹುಟ್ಟಿದ ದಿನ ಯಾರಿಗೂ ಗೊತ್ತಿಲ್ಲ. ೧೭ ಇರಲಿ ಎಂದು ಮುತ್ಯಾ ತಾವೇ ಗೊತ್ತುಮಾಡಿದರು. ಆ ವಾರವೂ ಮಳೆ. ತಂಗಿ ನಾಲ್ಕು ದಿನ ಮುಂಚೆ ಐದು ಬಾವುಟ ಮಾಡಿ, ಅವುಗಳಲ್ಲಿ ಅತಿ ನೆಟ್ಟಗಿದ್ದ ಒಂದನ್ನು ಆರಿಸಿದಳು. ಚಕ್ರ ನಾನೇ ಬರೆದೆ. ಅಷ್ಟು ನಿಧಾನವಾಗಿ ಎಂದೂ ಬರೆದವನಲ್ಲ. ಕೇಕಿನ ಮುಂದೆ ಕೂಡಿಸಿದಾಗ ಮುತ್ಯಾ ಚೂರಿ ಮುಟ್ಟಲಿಲ್ಲ. ಬಾವುಟವನ್ನು ಎತ್ತಿ ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. "ಇದು ಸಕ್ರೀದೇನು?" ಎಂದರು. ಹೌದೆಂದೆವು. "ತಿನ್ರಿ ಮುತ್ಯಾ, ಮೆತ್ತಗ ಆಗ್ತದ" ಎಂದು ಮರಿಮಗ ಒತ್ತಾಯಿಸಿದ. ಮುತ್ಯಾ ತಲೆಯಾಡಿಸಿದರು. ಎದ್ದು, ಗೋಡೆ ಹಿಡಿದುಕೊಂಡು ಒಳಗೆ ಹೋಗಿ, ದೇವರ ಜಗಲಿಯ ಮೇಲೆ ವಿಭೂತಿ ಗಟ್ಟಿಯ ಪಕ್ಕದಲ್ಲಿ ಅದನ್ನು ಒರಗಿಸಿ ಬಂದರು. ಕೇಕನ್ನು ಉಳಿದವರು ಕೊಯ್ದರು.

ಮೂರನೆಯ ದಿನ ಮುತ್ಯಾನ ಸೊಸೆ ತಂಗಿಯನ್ನು ಕೂಗಿ ಕರೆದಳು. ಹೋಗಿ ನೋಡಿದರೆ ಗೋಡೆಯ ಬಿರುಕಿನಿಂದ ಜಗಲಿಯವರೆಗೆ ಕೆಂಪಿರುವೆಯ ಸಾಲು. ಬಿಳಿಯ ಪಟ್ಟಿ ಮುಗಿದಿತ್ತು; ಹಸಿರು ಅರ್ಧ ಉಳಿದಿತ್ತು; ಕೆಲವು ಇರುವೆಗಳು ಕೇಸರಿಯ ಹರಳುಗಳನ್ನು ಹೊತ್ತು ಗೋಡೆ ಏರುತ್ತಿದ್ದವು. ಸೊಸೆ ಪೊರಕೆ ತಂದಳು. ಮುತ್ಯಾ ಬೇಡವೆಂದು ಕೈ ಅಡ್ಡ ಹಿಡಿದರು.

"ಆ ಝಂಡಾಕ್ಕೂ ಹುಳ ಬಡದಿತ್ತು" ಎಂದರು. ಸ್ವಲ್ಪ ಹೊತ್ತು ಬಿಟ್ಟು ತಂಗಿಯ ಕಡೆ ತಿರುಗಿ, "ಬರೋ ವರ್ಷ ಇನ್ನೊಂದ್ ಮಾಡಿ ಕೊಡವ್ವ. ಡಬ್ಬ್ಯಾಗ ಇಡ್ತೀನಿ" ಎಂದರು.